ಪ್ರೇಮಕಥೆ ಓದ್ತೀನಿ ಅನ್ನೋಕೆ ನಾಚಿಕೆ ಯಾಕೆ?

ಹೋದ ತಿಂಗಳು ನಮ್ಮ ಬ್ಯಾಚಿಗೆ ಮಾಕ್ ಇಂಟರ್ವ್ಯೂ ಇತ್ತು. ಪ್ರಾಜೆಕ್ಟು, ಸಿಜಿಪಿಎ, "ನಿನ್ನ ವೀಕ್ನೆಸ್ ಏನು" ಎಲ್ಲ ಮುಗಿದ ಮೇಲೆ ಎದುರಿಗೆ ಕೂತಿದ್ದವರು ಏನೇನು ಓದ್ತೀಯಾ ಅಂತ ಇಂಗ್ಲಿಷಲ್ಲಿ ಕೇಳಿದರು. ಆ ಹೊತ್ತಿಗೆ ನನ್ನ ಬ್ಯಾಗಿನಲ್ಲಿ ಒಂದು ದಪ್ಪ ಕಾದಂಬರಿ ಇತ್ತು. ಮಧ್ಯಯುಗದ ಐರ್ಲೆಂಡು, ಕಾಡು, ಮಾಟ, ಹಂಸಗಳಾಗಿಬಿಡುವ ಅಣ್ಣಂದಿರು, ಇದೆಲ್ಲದರ ನಡುವೆ ಒಂದು ಪ್ರೇಮಕಥೆ. ಹಿಂದಿನ ರಾತ್ರಿ ಎರಡು ಗಂಟೆವರೆಗೆ ಅದನ್ನೇ ಓದಿ, ಬೆಳಿಗ್ಗೆ ಮೆಸ್ಸಿನ ತಿಂಡಿ ತಪ್ಪಿಸಿಕೊಂಡಿದ್ದೆ. ಆದರೂ ನನ್ನ ಬಾಯಿಂದ ಬಂದದ್ದು "ಮೋಸ್ಟ್ಲಿ ನಾನ್‌ಫಿಕ್ಷನ್ ಸರ್, ಬಯೋಗ್ರಫೀಸ್". ಯಾರ ಬಯೋಗ್ರಫಿ ಅಂತ ಕೇಳಿದ್ದರೆ ಅಲ್ಲೇ ಸಿಕ್ಕಿಬೀಳ್ತಿದ್ದೆ. ಪುಣ್ಯಕ್ಕೆ ಕೇಳಲಿಲ್ಲ.

ಯಾಕೆ ಸುಳ್ಳು ಹೇಳಿದೆ ಅಂತ ಆಮೇಲೆ ತುಂಬ ಯೋಚಿಸಿದೆ. ಕೋಡಿಂಗ್ ಬರದಿದ್ದರೂ ಬರುತ್ತೆ ಅನ್ನೋದು ಒಂಥರ ಸುಳ್ಳು. ಇಷ್ಟವಾದದ್ದನ್ನ ಇಷ್ಟ ಇಲ್ಲ ಅನ್ನೋದು ಬೇರೆ ಥರ. ರೂಮಿನಲ್ಲೂ ಅಷ್ಟೇ. ಪುಸ್ತಕದ ಹಿಂದಿನ ರಟ್ಟು ಓದಿದ ರೂಮ್‌ಮೇಟ್ "ಏನ್ ಮಗಾ, ಹುಡುಗೀರ್ ಪುಸ್ತಕ ಓದ್ತಿದೀಯಾ?" ಅಂದ. ನಾನು "ಅಕ್ಕಂದು ಕಣೋ, ಸುಮ್ನೆ ಟೈಮ್‌ಪಾಸ್" ಅಂದೆ. ಅಕ್ಕಂದು ಅನ್ನೋದು ನಿಜ. ಟೈಮ್‌ಪಾಸ್ ಅನ್ನೋದು ಸುಳ್ಳು.

ಈ ನಾಚಿಕೆ ನಮ್ಮ ಕಾಲದ್ದಲ್ಲ. ಸುಮಾರು 850 ವರ್ಷ ಹಳೆಯ ಸಾಕ್ಷಿಯೇ ಇದೆ. 12ನೇ ಶತಮಾನದಲ್ಲಿ ಐರ್ಲೆಂಡಿನಲ್ಲಿ ಬರೆದ 'ಬುಕ್ ಆಫ್ ಲೆನ್‌ಸ್ಟರ್' ಅನ್ನೋ ದೊಡ್ಡ ಹಸ್ತಪ್ರತಿ ಈಗಲೂ ಡಬ್ಲಿನ್ನಿನಲ್ಲಿದೆ. ಅದರಲ್ಲಿ 'ಟಾಯಿನ್' ಅನ್ನೋ ಐರಿಷ್ ವೀರಕಥೆ ಇದೆ. ನಮ್ಮ ವೀರಗಲ್ಲುಗಳಲ್ಲಿ ತುರುಗೋಳ್ ಅಂತ ಬರುತ್ತಲ್ಲ, ಅದೇ ಥರ ದನಗಳಿಗಾಗಿ ನಡೆಯೋ ಯುದ್ಧದ ಕಥೆ. ಕಥೆ ಮುಗಿದ ಮೇಲೆ ನಕಲು ಮಾಡಿದವನು ಎರಡು ಟಿಪ್ಪಣಿ ಬರೆದಿದ್ದಾನೆ. ಮೊದಲನೆಯದು ಐರಿಷ್‌ನಲ್ಲಿ: ಈ ಕಥೆಯನ್ನ ಹೀಗೇ, ಏನೂ ಬದಲಿಸದೆ ನೆನಪಿಟ್ಟುಕೊಳ್ಳುವ ಎಲ್ಲರಿಗೂ ಒಳ್ಳೆಯದಾಗಲಿ ಅನ್ನೋ ಹಾರೈಕೆ. ಅದರ ಕೆಳಗೇ ಎರಡನೆಯದು ಲ್ಯಾಟಿನ್‌ನಲ್ಲಿ: ಬರೆದಿದ್ದೇನೆ ನಿಜ, ಆದರೆ ಇದನ್ನೆಲ್ಲ ನಾನು ನಂಬೋದಿಲ್ಲ, ಇದರಲ್ಲಿ ಕೆಲವು ದೆವ್ವದ ಮೋಸ, ಕೆಲವು ಕವಿಗಳ ಕಲ್ಪನೆ, ಕೆಲವು ದಡ್ಡರ ಖುಷಿಗೆ ಇರೋವು ಅನ್ನೋ ಅರ್ಥದ ಮಾತು.

ಅಂದರೆ ತಾಯ್ನುಡಿಯಲ್ಲಿ ಪ್ರೀತಿ, ಮರ್ಯಾದಸ್ಥರ ಭಾಷೆಯಲ್ಲಿ "ನನಗೂ ಇದಕ್ಕೂ ಸಂಬಂಧ ಇಲ್ಲ". ಈ ಎರಡು ಟಿಪ್ಪಣಿಗಳ ಬಗ್ಗೆ ಓದಿದಾಗ ನನಗೆ ನನ್ನದೇ ಮುಖ ಕಂಡ ಹಾಗಾಯ್ತು. ರಾತ್ರಿ ಕನ್ನಡದಲ್ಲಿ ಅಕ್ಕನ ಜೊತೆ ಗಂಟೆಗಟ್ಟಲೆ ಕಥೆ ಮಾತಾಡೋನು, ಬೆಳಿಗ್ಗೆ ಇಂಗ್ಲಿಷಲ್ಲಿ "ನಾನ್‌ಫಿಕ್ಷನ್ ಸರ್" ಅಂದೆನಲ್ಲ, ಅದು ನನ್ನ ಲ್ಯಾಟಿನ್ ಟಿಪ್ಪಣಿ.

ಇನ್ನು ಪುಸ್ತಕದ ವಿಷಯಕ್ಕೆ ಬರ್ತೀನಿ. ಹೆಸರು 'ಡಾಟರ್ ಆಫ್ ದ ಫಾರೆಸ್ಟ್'. ಬರೆದವರು ಜೂಲಿಯೆಟ್ ಮ್ಯಾರಿಲಿಯರ್. ನ್ಯೂಜಿಲೆಂಡಿನಲ್ಲಿ ಹುಟ್ಟಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನೆಲೆಸಿದವರು. 1999ರಲ್ಲಿ ಬಂದ ಕಾದಂಬರಿ. ಕಥೆ ಪೂರ್ತಿ ಹೇಳ್ತಿದೀನಿ, ಸ್ಪಾಯ್ಲರ್ ಅಂತ ಬೈಬೇಡಿ. ಇದರ ಎಲುಬುಗೂಡು ಗ್ರಿಮ್ ಸಹೋದರರ 1812ರ ಸಂಗ್ರಹದಲ್ಲೇ ಇರೋ ಆರು ಹಂಸಗಳ ಕಥೆ.

ಸೆವೆನ್‌ವಾಟರ್ಸ್ ಅನ್ನೋ ಕಾಡಿನ ನಡುವಿನ ಕೋಟೆ. ಅಲ್ಲಿನ ಒಡೆಯನಿಗೆ ಆರು ಗಂಡುಮಕ್ಕಳು, ಏಳನೆಯವಳು ಸೊರ್ಖಾ. ಮಲತಾಯಿಯಾಗಿ ಬಂದ ಲೇಡಿ ಊನಾ ಆರೂ ಅಣ್ಣಂದಿರನ್ನ ಹಂಸ ಮಾಡಿಬಿಡ್ತಾಳೆ. ಬಿಡುಗಡೆಗೆ ಒಂದೇ ದಾರಿ. ಸೊರ್ಖಾ ಒಂದು ಮುಳ್ಳುಗಿಡವನ್ನ ತನ್ನ ಕೈಯಿಂದಲೇ ಕಿತ್ತು, ನೂತು, ನೇಯ್ದು, ಆರು ಅಂಗಿ ಹೊಲಿಯಬೇಕು. ಮುಗಿಯೋವರೆಗೆ ಒಂದು ಮಾತೂ ಆಡಬಾರದು. ಅಳು ಕೂಡ ಕೇಳಿಸಬಾರದು. ತನ್ನ ಕಥೆಯನ್ನ ಯಾರಿಗೂ ಯಾವ ರೀತಿಯಲ್ಲೂ ತಿಳಿಸಬಾರದು. ಮಧ್ಯದಲ್ಲಿ ಅವಳು ಹ್ಯೂ ಅನ್ನೋ ಬ್ರಿಟನ್ನಿನ ಒಡೆಯನ ಕೈಗೆ ಸಿಗ್ತಾಳೆ. ಎಲ್ಲರೂ ಅವನನ್ನ ರೆಡ್ ಅಂತಾರೆ. ಅವಳ ಜನಕ್ಕೂ ಅವನ ಜನಕ್ಕೂ ತಲೆಮಾರುಗಳ ವೈರ. ಅವನು ಐರ್ಲೆಂಡಿಗೆ ಬಂದದ್ದೇ ಕಾಣೆಯಾದ ತಮ್ಮನನ್ನ ಹುಡುಕಿಕೊಂಡು. ಆ ತಮ್ಮನಿಗೆ ಏನಾಯ್ತು ಅಂತ ಸೊರ್ಖಾಗೆ ಗೊತ್ತು, ಯಾಕಂದರೆ ತನ್ನಪ್ಪನ ಕೋಟೆಯಲ್ಲಿ ಚಿತ್ರಹಿಂಸೆಗೆ ಸಿಕ್ಕಿದ್ದ ಅವನ ಗಾಯಗಳಿಗೆ ಮದ್ದು ಮಾಡಿದವಳೇ ಅವಳು. ಆದರೆ ಬಾಯಿ ಬಿಟ್ಟರೆ ಅಣ್ಣಂದಿರು ಜೀವನಪೂರ್ತಿ ಹಂಸಗಳೇ.

ಇಲ್ಲಿ ಒಂದು ನಿಮಿಷ ನಿಲ್ಲಿ. ಪ್ರೇಮಕಥೆಯಲ್ಲಿ ಹೀರೋಗೆ ಬೇಕಾದ ಒಂದೇ ಒಂದು ಉತ್ತರ ಹೀರೋಯಿನ್ ಹತ್ತಿರ ಇದೆ, ಹೇಳೋ ಹಾಗಿಲ್ಲ. ಅವನು ಕೇಳ್ತಾನೆ, ಅವಳು ಸುಮ್ಮನಿರ್ತಾಳೆ. ಆಮೇಲೆ ಆಮೇಲೆ ಅವನು ಉತ್ತರ ಕೇಳೋದು ಬಿಟ್ಟು ಅವಳ ಕೈ ನೋಡೋಕೆ ಶುರುಮಾಡ್ತಾನೆ. ಊದಿಕೊಂಡ, ಬಿರುಕುಬಿಟ್ಟ, ಮುಳ್ಳು ಮುರಿದ ಕೈ. ಇಡೀ ಕಾದಂಬರಿಯಲ್ಲಿ ಪ್ರೀತಿ ಬೆಳೆಯೋದು ಡೈಲಾಗಿನಿಂದಲ್ಲ. ಅವಳ ಕೆಲಸಕ್ಕೆ ಅಡ್ಡ ಬರದೇ ಇರೋದು, ಬೇರೆಯವರು ಅಡ್ಡ ಬರದ ಹಾಗೆ ನೋಡಿಕೊಳ್ಳೋದು, ಇಷ್ಟೇ ಅವನು ಮಾಡೋ ರೊಮ್ಯಾನ್ಸು. ಕಡೆಗೆ ತನ್ನ ಜಮೀನು ಒಡೆತನ ಎಲ್ಲ ಬಿಟ್ಟು ಅವಳ ಕಾಡಿಗೆ ಹೋಗೋನೂ ಅವನೇ.

ನನ್ನ ವಾದ ಇಷ್ಟೇ. ಈ ಬಗೆಯ ಕಥೆಗಳಲ್ಲಿ ಮಾಂತ್ರಿಕತೆ ಅನ್ನೋದು ಕಷ್ಟದಿಂದ ತಪ್ಪಿಸಿಕೊಳ್ಳೋ ಶಾರ್ಟ್‌ಕಟ್ ಅಲ್ಲ. ಅದು ಒಂದು ಕಟ್ಟಲೆ. ಅದಕ್ಕೆ ಬೆಲೆ ಇದೆ. ಯಾರು ಯಾರಿಗೋಸ್ಕರ ಆ ಬೆಲೆ ಕಟ್ಟೋಕೆ ತಯಾರಿದ್ದಾರೆ ಅನ್ನೋದರಲ್ಲೇ ಪ್ರೀತಿ ಗೊತ್ತಾಗೋದು. ಬೆಲೆ ಇರೋ ಕಥೆಯನ್ನ ಓದೋಕೆ ನಾಚಿಕೆ ಪಡಬೇಕಿಲ್ಲ. ಬೆಲೆ ಇಲ್ಲದ ಕಥೆಯನ್ನ ಧಾರಾಳವಾಗಿ ಬೈಯಬಹುದು.

ಈ ಬೆಲೆಯ ಲೆಕ್ಕ ಮ್ಯಾರಿಲಿಯರ್ ಹೊಸದಾಗಿ ಕಂಡುಹಿಡಿದದ್ದಲ್ಲ. ಹಳೆಯ ಐರಿಷ್ ಕಥೆಗಳಲ್ಲಿ 'ಗೆಶ್' ಅಂತ ಒಂದು ಬರುತ್ತೆ. ಒಬ್ಬೊಬ್ಬರ ಮೇಲಿರೋ ನಿಷೇಧ, ಮುರಿದರೆ ನಾಶ. ಟಾಯಿನ್ ಕಥೆಯ ವೀರ ಕುಹುಲಿನ್‌ಗೆ ನಾಯಿ ಮಾಂಸ ತಿನ್ನಬಾರದು ಅನ್ನೋದು ಒಂದು ಗೆಶ್. ಒಲೆಯ ಮೇಲಿಂದ ಯಾರಾದರೂ ಊಟಕ್ಕೆ ಕರೆದರೆ ಬೇಡ ಅನ್ನಬಾರದು ಅನ್ನೋದು ಇನ್ನೊಂದು. ಸಾಯೋ ದಿನ ದಾರಿಯಲ್ಲಿ ಮುದುಕಿಯರು ನಾಯಿ ಮಾಂಸ ಬೇಯಿಸಿ ಊಟಕ್ಕೆ ಕರೀತಾರೆ. ಆಪರೇಟಿಂಗ್ ಸಿಸ್ಟಮ್ಸ್ ಇಂಟರ್ನಲ್ಸಿಗೆ ಓದಿದವರಿಗೆ ಇದು ಗೊತ್ತಿರೋ ಪರಿಸ್ಥಿತಿ: ಡೆಡ್‌ಲಾಕ್. ಅವನ ಬಲವನ್ನ ಯಾವ ಶತ್ರುವಿನ ಕತ್ತಿಯೂ ಕಸಿಯಲಿಲ್ಲ. ಎರಡು ನಿಯಮಗಳ ಡಿಕ್ಕಿ ಕಸೀತು.

ಪ್ರೇಮದ ವಿಷಯಕ್ಕೂ ಒಂದು ಹಳೆಯ ಕಥೆ ಹೇಳ್ತೀನಿ. ಏಂಗಸ್ ಅನ್ನೋ ದೇವತೆಗಳ ಕುಲದ ಹುಡುಗ ಕನಸಿನಲ್ಲಿ ಒಬ್ಬಳನ್ನ ನೋಡಿ, ಊಟ ಬಿಟ್ಟು ಹಾಸಿಗೆ ಹಿಡೀತಾನೆ. ಹುಡುಕಿ ನೋಡಿದರೆ ಅವಳು ಒಂದು ವರ್ಷ ಹೆಣ್ಣು, ಒಂದು ವರ್ಷ ಹಂಸ. ಸರೋವರದ ಮೇಲೆ 150 ಹಂಸಗಳ ನಡುವೆ ಅವಳಿದ್ದಾಳೆ. ಅವನು ಅವಳನ್ನ ಗುರುತು ಹಿಡಿದು ಕರೀತಾನೆ. ಮತ್ತೆ ನೀರಿಗೆ ಮರಳೋಕೆ ಬಿಡ್ತೀನಿ ಅಂತ ಅವನು ಮಾತು ಕೊಟ್ಟ ಮೇಲೇ ಅವಳು ಹತ್ತಿರ ಬರೋದು. ಆಮೇಲೆ ಏನು ಮಾಡ್ತಾನೆ ಅಂತೀರಿ? ಅವಳ ಶಾಪ ತೆಗೆದು ಅರಮನೆಗೆ ಕರ್ಕೊಂಡು ಹೋಗಲ್ಲ. ತಾನೂ ಹಂಸ ಆಗ್ತಾನೆ. ನಮ್ಮ ಎಷ್ಟು ಸಿನಿಮಾಗಳಲ್ಲಿ ಹೀರೋ ಹೀಗೆ ಮಾಡ್ತಾನೆ ಹೇಳಿ. ಬಹುಪಾಲು ಹುಡುಗಿಯೇ ಬದಲಾಗಬೇಕು.

ಸರಿ, ಈಗ ಎದುರುವಾದ. ಇದನ್ನ ನಾನು ಹೇಳದಿದ್ದರೂ ನಮ್ಮ ಕ್ಲಬ್ಬಿನ ಯಾರಾದರೂ ಹೇಳೇ ಹೇಳ್ತಾರೆ. "ಇದೆಲ್ಲ ನಕಲಿ ಇತಿಹಾಸ. ಕಾಡು, ಮಂಜು, ಕೊಳಲು, ಹಸಿರು ಗೌನು ಹಾಕಿ ಮೇಲೆ ಸೆಲ್ಟಿಕ್ ಅಂತ ಲೇಬಲ್ ಅಂಟಿಸಿದರೆ ಆಯ್ತು."

ಈ ಮಾತಲ್ಲಿ ಸತ್ಯ ಇದೆ. ಮಧ್ಯಯುಗದ ಐರಿಷ್ ಜನ ತಮ್ಮನ್ನ ಸೆಲ್ಟ್ ಅಂತ ಕರ್ಕೊಂಡವರಲ್ಲ. ಗ್ರೀಕರು ಯುರೋಪಿನ ಬೇರೆ ಕಡೆಯ ಜನಕ್ಕೆ ಇಟ್ಟಿದ್ದ ಹೆಸರು ಅದು. ಐರಿಷ್, ವೆಲ್ಷ್, ಬ್ರೆಟನ್ ಮೊದಲಾದ ಭಾಷೆಗಳೆಲ್ಲ ಒಂದೇ ಕುಟುಂಬ ಅಂತ ತೋರಿಸಿ ಆ ಹೆಸರು ಅಂಟೋ ಹಾಗೆ ಮಾಡಿದ್ದು ಎಡ್ವರ್ಡ್ ಲ್ಹೂಯಿಡ್ ಅನ್ನೋ ವೆಲ್ಷ್ ವಿದ್ವಾಂಸ 1707ರಲ್ಲಿ ತಂದ ಪುಸ್ತಕ. ನಾನು ಹೊಗಳ್ತಿರೋ ಕಾದಂಬರಿಯ ಮೂಲ ಕಥೆಯೂ ಜರ್ಮನ್ ಅಂತ ಆಗಲೇ ಹೇಳಿದೆ. ಆದರೆ ಐರ್ಲೆಂಡಿಗೂ ಹಂಸಗಳಿಗೂ ಹಳೇ ನಂಟು. ಲಿರ್ ಅನ್ನೋನ ನಾಲ್ಕು ಮಕ್ಕಳನ್ನ ಮಲತಾಯಿ ಹಂಸ ಮಾಡಿ, ಅವರು ಮೂರು ಕಡೆ ಮುನ್ನೂರು ಮುನ್ನೂರರಂತೆ 900 ವರ್ಷ ನೀರಿನ ಮೇಲೆ ಕಳೆಯೋ ಕಥೆ ಅಲ್ಲಿನ ಮಕ್ಕಳಿಗೆಲ್ಲ ಗೊತ್ತು. ಹಾಗಾಗಿ ಲೇಖಕಿ ತಂದು ನೆಟ್ಟ ಗಿಡ ಆ ಮಣ್ಣಿಗೆ ಹೊಂದಿಕೊಂಡಿದೆ.

ನನ್ನ ತಕರಾರು ಬೇರೆ ಕಡೆ ಇದೆ. ಈ ಬಗೆಯ ಬಹಳಷ್ಟು ಪುಸ್ತಕಗಳು ಆ ಕಾಲದ ಸುಂದರ ಭಾಗ ಮಾತ್ರ ತಗೊಂಡು, ಕಹಿ ಭಾಗ ಬಿಟ್ಟುಬಿಡ್ತವೆ. ಉದಾಹರಣೆಗೆ ಹಳೆಯ ಐರಿಷ್ ಕಾನೂನಿನಲ್ಲಿ ಪ್ರತಿಯೊಬ್ಬ ಸ್ವತಂತ್ರ ಮನುಷ್ಯನಿಗೂ ಒಂದು ಮಾನದ ಬೆಲೆ ಇತ್ತು. ಆ ಐರಿಷ್ ಪದದ ಅಕ್ಷರಶಃ ಅರ್ಥ 'ಮುಖದ ಬೆಲೆ'. ನಾವು ನೋಟಿಗೆ ಮುಖಬೆಲೆ ಅಂತೀವಿ, ಅವರು ಮನುಷ್ಯನಿಗೇ ಅಂದರು. ಅವಮಾನ ಮಾಡಿದವನು ಅಷ್ಟು ತೆರಬೇಕು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಒಬ್ಬ ಸಣ್ಣ ರಾಜನ ಮುಖದ ಬೆಲೆ ಏಳು 'ಕುಮಾಲ್'. ಕುಮಾಲ್ ಅಂದರೆ ಏನು? ಗುಲಾಮ ಹೆಂಗಸು. ಲೆಕ್ಕದ ಯೂನಿಟ್ಟೇ ಒಬ್ಬಳು ಹೆಂಗಸು. ಎಷ್ಟೋ ಸಲ ಅದರ ಬದಲು ಹಸು ಕೊಡ್ತಿದ್ದರು ಅನ್ನೋದು ಬೇರೆ ಮಾತು. ರಾಜಕುಮಾರನ ಪ್ರೇಮಪತ್ರದ ಪಕ್ಕ ಈ ಯೂನಿಟ್ಟನ್ನೂ ಇಡೋ ಧೈರ್ಯ ಮಾಡೋ ಲೇಖಕರು ಕಮ್ಮಿ.

ಹಾಗಂತ ಅದೇ ಕಾನೂನಿನ ಇನ್ನೊಂದು ಮುಖವನ್ನೂ ಬಿಡಬಾರದು. ಸುಮಾರು 700ನೇ ಇಸವಿಯ ಹೊತ್ತಿಗೆ ಬರೆದ, ಗಂಡು ಹೆಣ್ಣಿನ ಕೂಡುಬಾಳಿನ ಬಗ್ಗೆಯೇ ಇರೋ ಒಂದು ಐರಿಷ್ ಕಾನೂನು ಗ್ರಂಥ ಇದೆ. ದಂಪತಿ ಬೇರೆಯಾದರೆ ಆಸ್ತಿ ಹೇಗೆ ಹಂಚಬೇಕು ಅಂತ ಅದರಲ್ಲಿ ಲೆಕ್ಕ ಇದೆ. ಉಣ್ಣೆಯ ವಿಷಯ ನೋಡಿ. ಕುರಿಯಿಂದ ಕತ್ತರಿಸಿದ ಹಾಗೇ ಇರೋ ಉಣ್ಣೆಯಲ್ಲಿ ಹೆಂಡತಿಗೆ ಸಣ್ಣ ಪಾಲು. ಹಿಂಜಿ ಹದ ಮಾಡಿದ್ದರೆ ಪಾಲು ಜಾಸ್ತಿ. ನೇಯ್ದು ಬಟ್ಟೆಯಾಗಿದ್ದರೆ ಅರ್ಧ. ಅಂದರೆ ಅವಳ ಕೈಕೆಲಸ ಹೆಚ್ಚಿದಷ್ಟೂ ಅವಳ ಹಕ್ಕು ಹೆಚ್ಚು. 1,300 ವರ್ಷದ ಹಿಂದೆ ಯಾರೋ ಕೂತು ಮನೆಯೊಳಗೆ ನೂಲುವವಳ ಕೆಲಸವನ್ನ ಲೆಕ್ಕಕ್ಕೆ ತಗೊಂಡಿದ್ದಾರೆ. ಇದನ್ನ ತಿಳಿದುಕೊಂಡ ಮೇಲೆ ಸೊರ್ಖಾಳ ಆರು ಅಂಗಿ ನನಗೆ ಬೇರೆ ಥರ ಕಾಣಿಸಿದವು. ಗುಲಾಮ ಹೆಂಗಸನ್ನ ನಾಣ್ಯ ಮಾಡಿದ್ದೂ, ನೇಯ್ದ ಬಟ್ಟೆಯಲ್ಲಿ ಅರ್ಧ ಹೆಂಡತಿಗೆ ಅಂದದ್ದೂ ಅದೇ ಸಮಾಜ. ಒಳ್ಳೆಯ ಐತಿಹಾಸಿಕ ಫ್ಯಾಂಟಸಿ ಎರಡನ್ನೂ ಒಟ್ಟಿಗೆ ಹಿಡಿಯಬೇಕು.

ಇನ್ನೊಂದು ತಕರಾರು, ರೊಮ್ಯಾನ್ಸ್ ಕಡೆಯಿಂದ. ಹೀರೋ ಹುಡುಗಿಯನ್ನ ಎಳಕೊಂಡು ಹೋಗೋದು, ಬಾಗಿಲು ಹಾಕೋದು, "ನೀನು ನನ್ನವಳು" ಅಂತ ಗದರೋದು, ಇದನ್ನ ಪ್ರೀತಿ ಅಂತ ಮಾರೋ ಪುಸ್ತಕಗಳು ರಾಶಿ ಇವೆ. "ಆ ಕಾಲ ಹಾಗಿತ್ತು" ಅನ್ನೋದು ಅವುಗಳ ನೆಪ. 'ಡಾಟರ್ ಆಫ್ ದ ಫಾರೆಸ್ಟ್'ನಲ್ಲೂ ಹಿಂಸೆ ಇದೆ. ಕಾಡಿನಲ್ಲಿ ಸೊರ್ಖಾ ಮೇಲೆ ಅತ್ಯಾಚಾರ ನಡೆಯುತ್ತೆ. ಓದೋ ಮುಂಚೆ ಇದು ನಿಮಗೆ ಗೊತ್ತಿರಲಿ ಅಂತ ಹೇಳ್ತಿದೀನಿ. ಆದರೆ ಲೇಖಕಿ ಅದನ್ನ ಕಥೆಗೆ ಖಾರ ಹಚ್ಚೋಕೆ ಬಳಸಿಲ್ಲ. ಆಮೇಲಿನ ಪ್ರತಿ ಹೆಜ್ಜೆಯಲ್ಲೂ ಆ ಭಯ ಅವಳ ಜೊತೆಗಿರುತ್ತೆ, ಮದುವೆಯಾದ ಮೇಲೂ. ಮುಟ್ಟೋದಕ್ಕೆ ಕಾಯಬೇಕು ಅಂತ ರೆಡ್‌ಗೆ ಅರ್ಥವಾಗುತ್ತೆ. ಆ ಕಾಲ ಹಾಗಿತ್ತು ಅಂತ ಹೇಳ್ತಲೇ ಒಬ್ಬ ಮನುಷ್ಯ ಹಾಗಿರಬೇಕಾಗಿರಲಿಲ್ಲ ಅಂತಲೂ ತೋರಿಸಬಹುದು.

ಕಡೆಯ ದೃಶ್ಯ ಹೇಳಿಬಿಡ್ತೀನಿ. ಸೊರ್ಖಾಳನ್ನ ಮಾಟಗಾತಿ ಅಂತ ಸುಡೋಕೆ ಕಂಬಕ್ಕೆ ತಂದಿದ್ದಾರೆ. ಆಕಾಶದಿಂದ ಹಂಸಗಳು ಇಳಿಯುತ್ತವೆ. ಅವಳು ಒಂದೊಂದಕ್ಕೂ ಅಂಗಿ ಎಸೀತಾಳೆ. ಕೊನೆಯ ಅಂಗಿಯ ಒಂದು ತೋಳು ಮುಗಿದಿಲ್ಲ. ಆ ಅಣ್ಣ, ಫಿನ್‌ಬಾರ್, ಮನುಷ್ಯನಾಗ್ತಾನೆ, ಆದರೆ ಒಂದು ತೋಳಿನ ಜಾಗದಲ್ಲಿ ರೆಕ್ಕೆಯೇ ಉಳಿಯುತ್ತೆ. ಸೊರ್ಖಾ ಅಷ್ಟು ಕಷ್ಟಪಟ್ಟರೂ ಎಲ್ಲ ಸರಿಹೋಗಲಿಲ್ಲ. ಮುಂದಿನ ಪುಸ್ತಕದಲ್ಲೂ ಆ ರೆಕ್ಕೆ ಹಾಗೇ ಇರುತ್ತೆ.

ಇದನ್ನ ಓದುವಾಗ ನನಗೆ ನಮ್ಮದೇ ಒಂದು ಕಥೆ ನೆನಪಾಯ್ತು. ಹೂವಿನ ಮರವಾಗೋ ಹುಡುಗಿಯ ಕಥೆ. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಜನಪದ ಕಥೆ ಅದು. ನೀರು ಸುರಿದರೆ ಹುಡುಗಿ ಮರ ಆಗ್ತಾಳೆ, ಹೂ ಕಿತ್ತುಕೊಂಡು ಮತ್ತೆ ನೀರು ಸುರಿದರೆ ಹುಡುಗಿ. ಹುಷಾರಾಗಿ ಕೀಳಬೇಕು ಅನ್ನೋದೇ ಕಟ್ಟಲೆ. ನಾದಿನಿ ಮತ್ತವಳ ಗೆಳತಿಯರು ಕೊಂಬೆ ಮುರಿದು, ಅರ್ಧಂಬರ್ಧ ನೀರು ಸುರಿದು ಓಡಿಹೋಗ್ತಾರೆ. ಅವಳು ಕೈಕಾಲಿಲ್ಲದ ಮೊಂಡು ದೇಹವಾಗಿ ಉಳೀತಾಳೆ. ಎಷ್ಟೋ ಕಾಲದ ಮೇಲೆ ಗಂಡ ಗುರುತು ಹಿಡಿದು, ಮುರಿದ ಕೊಂಬೆಗಳನ್ನ ಒಂದೊಂದಾಗಿ ಜೋಡಿಸಿ ಕಟ್ಟಿ ನೀರು ಹಾಕಿದಾಗಲೇ ಅವಳು ಮತ್ತೆ ಪೂರ್ತಿಯಾಗೋದು. ಐರ್ಲೆಂಡಿನ ಕಾಡಿಗೂ ಈ ಕಥೆಗೂ ಕೊಟ್ಟು ತಗೊಂಡ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಆದರೆ ಲೆಕ್ಕ ಒಂದೇ. ಇಲ್ಲೂ ಬೆಲೆ ಇದೆ, ಇಲ್ಲೂ ಪ್ರೀತಿ ಅಂದರೆ ತಾಳ್ಮೆಯ ಕೈಕೆಲಸ.

ಗಿರೀಶ ಕಾರ್ನಾಡರು 1992ರಲ್ಲಿ ಈ ಕಥೆಯನ್ನ 'ಚೆಲುವಿ' ಅಂತ ಸಿನಿಮಾ ಮಾಡಿದರು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಇದನ್ನ ಒಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ಅಡುಗೆಮನೆಯಲ್ಲಿ ಅಜ್ಜಿಯರು ಮಕ್ಕಳಿಗೆ ಊಟ ಮಾಡಿಸ್ತಾ ಹೇಳ್ತಿದ್ದ ಥರದ ಕಥೆ ವಿಯೆನ್ನಾ ಮುಟ್ಟಿತು, ನಮ್ಮ ಹಾಸ್ಟೆಲ್ ರೂಮಿಗೆ ಮಾತ್ರ "ಹುಡುಗೀರ್ ಕಥೆ" ಆಯ್ತು.

ಈಗ ಅಕ್ಕನ ವಿಷಯ. ಈ ಪುಸ್ತಕ ಕೊಟ್ಟವಳು ಅವಳೇ. ಅಜ್ಜಿ ಹಾಸಿಗೆ ಹಿಡಿದಿದ್ದ ವರ್ಷ ಅಕ್ಕ ಸಿಕ್ಕಿದ್ದ ಕೆಲಸ ಬಿಟ್ಟು ಮನೆಯಲ್ಲಿ ಉಳಿದಳು. ಮದ್ದು, ಊಟ, ಬಟ್ಟೆ, ರಾತ್ರಿ ಎದ್ದು ಕೂರೋದು. ನಾನು ಆಗ ಫಸ್ಟ್ ಇಯರ್. ವಾರಕ್ಕೊಂದು ಸಲ ಫೋನ್ ಮಾಡಿ "ಅಜ್ಜಿ ಹೇಗಿದಾರೆ" ಅಂತ ಕೇಳ್ತಿದ್ದೆ. "ನೀನು ಹೇಗಿದೀಯಾ" ಅಂತ ಕೇಳಿದ ನೆನಪಿಲ್ಲ. ಅವಳು ಹೇಳಲೂ ಇಲ್ಲ. ಆ ವರ್ಷವೇ ಅವಳು ಈ ಕಾದಂಬರಿ ಓದಿದ್ದು, ಅಜ್ಜಿ ನಿದ್ದೆ ಮಾಡೋ ಹೊತ್ತಲ್ಲಿ. ನಾನು ಓದಿ ಮುಗಿಸಿದ ದಿನ "ಹೆಂಗಿತ್ತೋ?" ಅಂತ ಮೆಸೇಜ್ ಹಾಕಿದಳು. ರೂಮಲ್ಲಿ ಎಲ್ಲರೂ ಇದ್ದರು. ನಾನು "ಟೈಮ್‌ಪಾಸ್, ಪರವಾಗಿಲ್ಲ" ಅಂತ ಟೈಪ್ ಮಾಡಿದೆ. ಅವಳು "ಸರಿ ಕಣೋ" ಅಂದಳು. ಅಷ್ಟೇ.

ಮಾತಾಡದೆ ಮುಳ್ಳು ನೂಲುವ ಹುಡುಗಿಯ ಕಥೆ ಅವಳಿಗೆ ಯಾಕೆ ಬೇಕಾಗಿತ್ತು ಅಂತ ನನಗೆ ಹೊಳೆದದ್ದು ಆ "ಸರಿ ಕಣೋ" ಓದಿದ ಮೇಲೆ. 500 ಪುಟ ಓದಿದ್ದೆ, ಅಕ್ಕನ ಕೈ ನೋಡಿರಲಿಲ್ಲ.

ಆ ರಾತ್ರಿಯೇ ಹೊರಗೆ ಬಂದು ವಾಟರ್ ಟ್ಯಾಂಕ್ ಹತ್ತಿರ ನಿಂತು ಫೋನ್ ಮಾಡಿದೆ. ಟೈಮ್‌ಪಾಸ್ ಅಲ್ಲ ಅಂತ ಹೇಳಿದೆ. ಆ ವರ್ಷದ ಬಗ್ಗೆ ಮೊದಲ ಸಲ ಕೇಳಿದೆ. ತುಂಬ ಹೊತ್ತು ಮಾತಾಡಿದೆವು. ಅದೆಲ್ಲ ಇಲ್ಲಿ ಬರೆಯೋದಿಲ್ಲ.

ಹಾಗಾಗಿ ಗೆಳೆಯರೇ, ಕೇಳೋದು ಎರಡೇ. ಒಂದು, ಇಷ್ಟಪಟ್ಟು ಓದಿದ್ದನ್ನ ಇಷ್ಟ ಅಂತ ಹೇಳೋಣ, ಯಾವ ಭಾಷೆಯಲ್ಲಿ ಕೇಳಿದರೂ. ಎರಡು, ಪುಸ್ತಕದಿಂದ ಜಾಸ್ತಿ ಕೇಳೋಣ. ಮಂಜು, ಕೋಟೆ, ಕೊಳಲು ಸಾಕಾಗಲ್ಲ. ಈ ಮಾಟಕ್ಕೆ ಬೆಲೆ ಏನು, ಅದನ್ನ ಯಾರು ಕಟ್ಟಿದರು, ಪ್ರೀತಿಸ್ತೀನಿ ಅಂದವನು ಏನು ಬಿಟ್ಟುಕೊಟ್ಟ, ಅಂತ ಕೇಳೋಣ. ಉತ್ತರ ಇಲ್ಲದ ಪುಸ್ತಕವನ್ನ ಆರಾಮಾಗಿ ಪಕ್ಕಕ್ಕಿಡಿ, ಬೇಕಾದರೆ ಈ ಪತ್ರಿಕೆಗೇ ಬೈದು ಬರೆದು ಕಳಿಸಿ. ಉತ್ತರ ಇರೋ ಪುಸ್ತಕ ಸಿಕ್ಕರೆ ರಟ್ಟು ಮುಚ್ಚಿಡಬೇಡಿ.

ಮುಂದಿನ ತಿಂಗಳು ನಿಜವಾದ ಇಂಟರ್ವ್ಯೂ ಇದೆ. ಏನು ಓದ್ತೀಯಾ ಅಂತ ಕೇಳಿದರೆ ಏನು ಹೇಳಬೇಕು ಅಂತ ಈ ಸಲ ಗೊತ್ತಿದೆ. ಕೆಲಸ ಸಿಗುತ್ತೋ ಇಲ್ಲವೋ, ಲ್ಯಾಟಿನ್ ಟಿಪ್ಪಣಿಯಂತೂ ಬರೆಯಲ್ಲ.